ಒದ್ದೆ ಸೊಪ್ಪಿನ ಕಾಲಕ್ಕೆ ಮುನ್ನ

ಮಗು,

ತುರ್ತು ಚಿಕಿತ್ಸೆಯಲ್ಲಿ ಎಂ.ಡಿ. ಮುಗಿಸಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹೋಗದೆ ನಮ್ಮ ಹುಣಸೂರಿನ ಕಡೆಗೇ ಬಂದಿದ್ದೀಯ. ನನಗೆ ಆಗಿರುವ ಸಂತೋಷವನ್ನು ಮೊದಲು ಹೇಳಿಬಿಡುತ್ತೇನೆ. ಸಂಶೋಧನೆ ಮಾಡಬೇಕು ಅಂತಿದೆ, ದುಡ್ಡು ಯಾರು ಕೊಡುತ್ತಾರೆ, ದಾರಿ ತೋರಿಸುವವರು ಯಾರು ಅಂತ ಕೇಳಿದ್ದೀಯ. ಎರಡಕ್ಕೂ ತಿಳಿದಷ್ಟು ಹೇಳುತ್ತೇನೆ. ಆದರೆ ಅವೆರಡಕ್ಕೂ ಮೊದಲು ನಿನ್ನ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು. ಆ ಪ್ರಶ್ನೆ ನಿನ್ನ ಕ್ಯಾಶುವಾಲ್ಟಿಯ ಬಾಗಿಲಿನಿಂದ ಒಳಗೆ ಬಂದದ್ದಾಗಿರಬೇಕು. ಯಾವ ವಿಷಯಕ್ಕೆ ಹಣ ಬಿಡುಗಡೆಯಾಗಿದೆ ಅಂತ ನೋಡಿಕೊಂಡು ಅದಕ್ಕೆ ತಕ್ಕ ಪ್ರಶ್ನೆ ಹೊಲಿಸಿಕೊಂಡ ಹುಡುಗರನ್ನು ಕಂಡಿದ್ದೇನೆ. ಹಣ ಮುಗಿದ ದಿನ ಅವರ ಕುತೂಹಲವೂ ಮುಗಿಯಿತು.

ನಿನ್ನ ಬಾಗಿಲಿಗೆ ಏನು ಬರುತ್ತದೆ ಅನ್ನುವುದನ್ನು ಒಂದು ಸಲ ಕೂತು ಯೋಚಿಸು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಈ ನಾಲ್ಕೂ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಏಪ್ರಿಲ್-ಮೇ ಮಳೆಗೆ ನಾಟಿ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು ಮುರಿಯುವ ಕೆಲಸ, ಊರೂರಲ್ಲಿ ಸೊಪ್ಪು ಒಣಗಿಸುವ ಬ್ಯಾರನ್‌ಗಳಿಗೆ ಬೆಂಕಿ. ಬೆಳಗಿನ ಮಂಜು, ಜಡಿಮಳೆ, ಒದ್ದೆ ಎಲೆ. ಆ ಎಲೆಯನ್ನು ಮುರಿದು, ಕಂಕುಳಲ್ಲಿ ಅವುಚಿಕೊಂಡು ಹೊತ್ತು, ಕಡ್ಡಿಗೆ ಕಟ್ಟುವವರಲ್ಲಿ ಹೆಂಗಸರೇ ಹೆಚ್ಚು. ಸಂಜೆ ಹೊತ್ತಿಗೆ ಅವರಲ್ಲಿ ಕೆಲವರು ನಿನ್ನ ಮುಂದೆ ಬಂದು ಕೂರುತ್ತಾರೆ: ವಾಂತಿ, ತಲೆಸುತ್ತು, ಬೆವರು, ಬಾಯಲ್ಲಿ ನೀರು, ಸುಸ್ತು. ಡ್ಯೂಟಿ ಡಾಕ್ಟರು ಗ್ಯಾಸ್ಟ್ರೈಟಿಸ್ ಅಂತ ಬರೆದು ಒಂದು ಇಂಜೆಕ್ಷನ್, ಒಂದು ಬಾಟಲಿ ಗ್ಲೂಕೋಸ್ ಕೊಟ್ಟು ಕಳಿಸುತ್ತಾರೆ. ರಾತ್ರಿ ಕಳೆದರೆ ಹೆಚ್ಚಿನವರು ಸುಧಾರಿಸಿಕೊಳ್ಳುತ್ತಾರೆ, ಬೆಳಗ್ಗೆ ಮತ್ತೆ ಹೊಲಕ್ಕೆ.

ಅದು ನಿಜಕ್ಕೂ ಏನು? ಒದ್ದೆ ಎಲೆಯ ನಿಕೋಟಿನ್ ನೀರಲ್ಲಿ ಕರಗಿ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಹಸಿ ತಂಬಾಕಿನ ಕಾಯಿಲೆ ಅಂತ ಪುಸ್ತಕಗಳಲ್ಲಿ ಅದಕ್ಕೊಂದು ಅಧ್ಯಾಯವಿದೆ. ಆದರೆ ಅದೇ ಹೊಲಕ್ಕೆ ಔಷಧಿಯನ್ನೂ ಹೊಡೆಯುತ್ತಾರೆ. ಆರ್ಗನೊಫಾಸ್ಫರಸ್ ಕೀಟನಾಶಕ ಸ್ವಲ್ಪ ಮೈಗೆ ಸೇರಿದರೂ ಇದೇ ವಾಂತಿ, ಇದೇ ಬೆವರು, ಇದೇ ಬಾಯಿನೀರು. ಒಂದರಲ್ಲಿ ಬಟ್ಟೆ ಬದಲಿಸಿ, ಮೈ ತೊಳೆದು, ನೀರು ಕೊಟ್ಟರೆ ಸಾಕು. ಇನ್ನೊಂದರಲ್ಲಿ ಕಣ್ಣಿನ ಪಾಪೆ, ನಾಡಿ, ಎದೆಯ ಸದ್ದು ನೋಡುತ್ತಾ ಅಟ್ರೋಪಿನ್ ಸಿದ್ಧವಿಟ್ಟುಕೊಂಡು ಕಾಯಬೇಕು. ರಕ್ತದ ಕೊಲಿನೆಸ್ಟರೇಸ್ ಇಳಿದಿದ್ದರೆ ಕೀಟನಾಶಕದ ಕಡೆ ಬೆರಳು ತೋರುತ್ತದೆ. ನಿಕೋಟಿನ್ ಅದನ್ನು ಇಳಿಸುವುದಿಲ್ಲ. ಮೂತ್ರದಲ್ಲಿ ಕೊಟಿನಿನ್ ಏರಿದ್ದರೆ ನಿಕೋಟಿನ್ ಕಡೆಗೆ. ಆದರೆ ನಮ್ಮ ಹೆಂಗಸರಲ್ಲಿ ಎಲೆಅಡಿಕೆಯ ಜೊತೆ ಕಡ್ಡಿಪುಡಿ ಹಾಕುವವರಿದ್ದಾರೆ, ಅವರ ಕೊಟಿನಿನ್ ಮೊದಲೇ ಏರಿರುತ್ತದೆ. ಹಾಗಾಗಿ ಕಡ್ಡಿಪುಡಿ ಹಾಕುವವರು, ಹಾಕದವರು, ಒಣ ದಿನ ಮುರಿದವರು, ಒದ್ದೆ ದಿನ ಮುರಿದವರು ಅಂತ ಬೇರೆ ಬೇರೆ ಬರೆದುಕೊಳ್ಳಬೇಕು.

ನೋಡು, ಮಾತಾಡುತ್ತಾ ಮಾತಾಡುತ್ತಾ ಒಂದು ಅಧ್ಯಯನದ ಅರ್ಧ ಆಯಿತು. ಒಂದು ಹಂಗಾಮು, ಒಂದು ಆಸ್ಪತ್ರೆ, ಎರಡು ಪರೀಕ್ಷೆ, ಒಂದು ಪುಟದ ಪ್ರಶ್ನಾವಳಿ. ಗುಜರಾತಿನ ತಂಬಾಕು ಕೂಲಿಕಾರರ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಹಿಂದೆಯೇ ಕೆಲಸ ಮಾಡಿದ್ದಾರೆ. ಅದನ್ನು ಓದಿಕೊಂಡು ಶುರುಮಾಡು. ಆದರೆ ತಾಲ್ಲೂಕು ಆಸ್ಪತ್ರೆಯ ತುರ್ತು ವೈದ್ಯೆಯ ಕಣ್ಣಿನಿಂದ, ಬಂದ ರೋಗಿಯನ್ನು ಹತ್ತು ನಿಮಿಷದಲ್ಲಿ ಹೇಗೆ ಗುರುತಿಸಬೇಕು ಅಂತ ಕೇಳುವುದು ನಿನ್ನ ಪಾಲಿನ ಕೆಲಸ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ, ಯಾಕೆಂದರೆ ಈ ರೋಗಿ ಅವರ ಬಾಗಿಲಿಗೆ ಬರುವುದಿಲ್ಲ.

ಸಣ್ಣ ಊರಿನಿಂದ ಏನಾಗುತ್ತದೆ ಅಂತ ನಿನ್ನ ಮನಸ್ಸಿಗೆ ಬಂದರೆ ಮಹಾಡಿನ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರನ್ನು ನೆನಪಿಸಿಕೋ. 1970ರ ದಶಕದಲ್ಲಿ ಕೊಂಕಣದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಹುಡುಗ ಡಾಕ್ಟರು. ಕೆಂಪು ಚೇಳು ಕಚ್ಚಿದ ಮಕ್ಕಳು ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುವುದನ್ನು ಅವರು ಹಾಸಿಗೆ ಪಕ್ಕದಲ್ಲೇ ಕೂತು ನೋಡಿದರು, ರಕ್ತದೊತ್ತಡ ಬರೆದರು, ನಾಡಿ ಬರೆದರು, ಗಂಟೆಗಂಟೆಗೆ ಬರೆದರು. ಬರೆದದ್ದನ್ನು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಕಳಿಸಿದರು, ಅದು ಅಚ್ಚಾಯಿತು. ಅಗ್ಗದ ಪ್ರಾಜೋಸಿನ್ ಮಾತ್ರೆ ಆ ಸಾವುಗಳನ್ನು ತಡೆಯುತ್ತದೆ ಅಂತ 1986ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು. 2022ರಲ್ಲಿ ಪದ್ಮಶ್ರೀ ಬಂತು, ಅದು ಬಿಡು. ಚೇಳು ಕಡಿತಕ್ಕೆ ಇವತ್ತು ನಾವು ಕೊಡುವ ಚಿಕಿತ್ಸೆ ಅಲ್ಲಿಂದ ಬಂದದ್ದು. ಸೋಲಾಪುರ ಜಿಲ್ಲೆಯ ಬಾರ್ಶಿ ಅನ್ನುವ ಊರು ನಮ್ಮ ಕೆ.ಆರ್. ನಗರದಂಥದ್ದೇ ತಾಲ್ಲೂಕು ಕೇಂದ್ರ. ಅಲ್ಲಿನ ವೈದ್ಯರು ಕೀಟನಾಶಕ ಕುಡಿದ 200 ರೋಗಿಗಳ ಮೇಲೆ ಪ್ರಾಲಿಡಾಕ್ಸಿಮ್ ಅನ್ನುವ ಪ್ರತಿವಿಷವನ್ನು ಸತತವಾಗಿ ಕೊಡುವುದು ಮೇಲೋ, ಬಿಟ್ಟುಬಿಟ್ಟು ಕೊಡುವುದು ಮೇಲೋ ಅಂತ ಪರೀಕ್ಷಿಸಿ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಸತತವಾಗಿ ಪಡೆದವರಲ್ಲಿ ಫಲ ಚೆನ್ನಾಗಿತ್ತು. ಮೂರು ವರ್ಷದ ಮೇಲೆ ಶ್ರೀಲಂಕಾದ ಇನ್ನೊಂದು ಪರೀಕ್ಷೆಯಲ್ಲಿ ಆ ಔಷಧಿಯಿಂದ ಲಾಭವೇ ಕಾಣಲಿಲ್ಲ. ಹಾಗಾಗಿ ವಿಷಯ ಇನ್ನೂ ಬಗೆಹರಿದಿಲ್ಲ. ಆದರೆ ಜಗತ್ತು ಆ ಚರ್ಚೆಯನ್ನು ಮಾಡುವಾಗ ಬಾರ್ಶಿಯ ಹೆಸರು ಹೇಳದೆ ಮಾಡಲಾರದು.

ಶ್ರೀಲಂಕಾದ ಮಾತು ಬಂತು. ಇನ್ನಷ್ಟು ಹೇಳಬೇಕು, ಯಾಕೆಂದರೆ ನಮ್ಮ ನಾಲ್ಕು ತಾಲ್ಲೂಕಿಗೂ ಅಲ್ಲಿನ ಬೇಸಾಯದ ಸೀಮೆಗೂ ಬಹಳ ಹೋಲಿಕೆ ಇದೆ. 1987ರಲ್ಲಿ ಅಲ್ಲಿನ ಸೇನಾನಾಯಕೆ ಮತ್ತು ಕರಲ್ಲಿಯದ್ದೆ ಅನ್ನುವ ವೈದ್ಯರು ಕೀಟನಾಶಕ ಕುಡಿದು ಚೇತರಿಸಿಕೊಂಡಂತೆ ಕಂಡ ರೋಗಿ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಎತ್ತಲಾರದೆ, ಉಸಿರಾಡಲಾರದೆ ಕುಸಿಯುವುದನ್ನು ವಿವರಿಸಿದರು. ಇವತ್ತು ನೀನು ವೆಂಟಿಲೇಟರ್ ತಯಾರಿಟ್ಟುಕೊಳ್ಳುವುದು ಅವರು ಬರೆದದ್ದರಿಂದ. ಆಮೇಲೆ ಮೈಕಲ್ ಎಡಲ್‌ಸ್ಟನ್ ಅನ್ನುವ ಯುವಕ ಬ್ರಿಟನ್ನಿನಿಂದ ಬಂದು ಅನುರಾಧಪುರದ ವಾರ್ಡಿನಲ್ಲಿ ವರ್ಷಗಟ್ಟಲೆ ಕೂತ. ಲಂಕಾದ ಹಿರಿಯ ವೈದ್ಯರು ಅವನಿಗೆ ವಾರ್ಡು ಬಿಟ್ಟುಕೊಟ್ಟರು, ಅವನು ಅವರ ಕಿರಿಯರಿಗೆ ಪರೀಕ್ಷೆ ನಡೆಸುವ ಶಿಸ್ತು ಕಲಿಸಿದ. ಕೀಟನಾಶಕವನ್ನು ಬೀಗ ಹಾಕಿದ ಡಬ್ಬಿಯಲ್ಲಿ ಇಡಿಸಿದರೆ ವಿಷ ಕುಡಿಯುವುದು ಕಡಿಮೆಯಾಗುತ್ತದೆ ಅಂತ ಎಲ್ಲರೂ ನಂಬಿದ್ದರು. 180 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು, ಕಡಿಮೆಯಾಗಲಿಲ್ಲ. ಕಡಿಮೆಯಾಗಲಿಲ್ಲ ಅಂತಲೇ 2017ರಲ್ಲಿ ಪ್ರಕಟಿಸಿದರು. ಅತಿ ವಿಷಕಾರಿ ಕೀಟನಾಶಕಗಳನ್ನು ಸರ್ಕಾರವೇ ನಿಷೇಧಿಸುತ್ತಾ ಹೋದದ್ದರಿಂದ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. 2015ರಲ್ಲಿ ಹೊಗೆಸೊಪ್ಪಿನ ಬೆಲೆ ಕುಸಿದಾಗ ನಮ್ಮ ಈ ಸೀಮೆಯ ರೈತರ ಮನೆಗಳಲ್ಲಿ ಆದದ್ದನ್ನು ನೆನೆದರೆ ಲಂಕಾದ ಆ ಲೆಕ್ಕವನ್ನು ನಾನು ಸುಮ್ಮನೆ ಓದಲಾರೆ. ಯಾವ ಡಬ್ಬಿಯ ವಿಷ ಕುಡಿದವರು ಬದುಕಿದರು, ಯಾವುದನ್ನು ಕುಡಿದವರು ಬದುಕಲಿಲ್ಲ ಅಂತ ಪಿರಿಯಾಪಟ್ಟಣದಿಂದ ಮೈಸೂರಿನ ಕೆ.ಆರ್. ಆಸ್ಪತ್ರೆವರೆಗೆ ಹಿಂಬಾಲಿಸಿ ಬರೆದಿಟ್ಟರೆ, ನಿಷೇಧದ ಮಾತು ಬಂದಾಗ ಸರ್ಕಾರದ ಮುಂದೆ ಇಡಲು ಒಂದು ಕಾಗದವಿರುತ್ತದೆ.

ಬರೆದಿಡುವ ಮಾತಿಗೆ ಬರುತ್ತೇನೆ. ಇದು ನಾನು ನಿನಗೆ ಹೇಳಬೇಕಾದ ಎಲ್ಲದರಲ್ಲಿ ಮುಖ್ಯವಾದದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ದಾಖಲಿಸುತ್ತಾ ಬಂತು. ಬರೆದ ನರ್ಸುಗಳಿಗೆ ಅದರಿಂದ ಯಾವ ಹೆಸರೂ ಬರಲಿಲ್ಲ. 1990ರ ದಶಕದಲ್ಲಿ ಬ್ರಿಟನ್ನಿನ ಸೌತಾಂಪ್ಟನ್‌ನ ಸಂಶೋಧಕರು ಮತ್ತು ನಮ್ಮ ಮೈಸೂರಿನ ವೈದ್ಯರು ಸೇರಿ ಆ ಪುಸ್ತಕಗಳನ್ನು ತೆರೆದು, ಅದರಲ್ಲಿದ್ದ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ, 517 ಜನರನ್ನು ಪರೀಕ್ಷಿಸಿ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದ್ರೋಗ ಹೆಚ್ಚು ಅಂತ 1996ರಲ್ಲಿ ತೋರಿಸಿದರು. ಅಲ್ಲಿಂದ ಮುಂದೆ ಮೈಸೂರಿನಲ್ಲಿ ಒಂದು ಸಂಶೋಧನಾ ಘಟಕವೇ ಬೆಳೆಯಿತು. ಮೊದಲು ಪುಸ್ತಕ ಇತ್ತು, ಗುರುಗಳೂ ಹಣವೂ ಆ ಪುಸ್ತಕವನ್ನು ಹುಡುಕಿಕೊಂಡು ಬಂದರು.

ನಿನ್ನ ಕ್ಯಾಶುವಾಲ್ಟಿಯ ರಿಜಿಸ್ಟರಿನಲ್ಲಿ ಏನಿದೆ? ಹೆಸರು, ವಯಸ್ಸು, ಊರು, "ಆರ್/ಮೈಸೂರು", ಅಂದರೆ ಮೈಸೂರಿಗೆ ಕಳಿಸಿದೆ ಅಂತ. ಹಾವು ಕಡಿತದ ರೋಗಿ ಎಷ್ಟು ಗಂಟೆಗೆ ಕಚ್ಚಿಸಿಕೊಂಡ, ಎಷ್ಟಕ್ಕೆ ಇಲ್ಲಿಗೆ ಬಂದ, ನಡುವೆ ಎಲ್ಲಿ ನಿಂತ, 108ರಲ್ಲಿ ಬಂದನೋ ಆಟೋದಲ್ಲಿ ಬಂದನೋ, ಮೈಸೂರು ತಲುಪಿದ ಮೇಲೆ ಏನಾದ, ಇವು ಇಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಆ ವರದಿಗೆ ಬೇಕಾದಷ್ಟನ್ನೇ ತುಂಬಿ ಸುಮ್ಮನಾಗಬೇಡ. ಇನ್ನು ನಾಲ್ಕು ಕಲಂ ಹಾಕಿಸು. ಕೋಟೆ ಕಡೆಯ ಹಾಡಿಯಿಂದ ಬಂದವನಿಗೆ ಮೊದಲ ಆ್ಯಂಟಿವೆನಂ ಬೀಳುವ ಹೊತ್ತಿಗೆ ಎಷ್ಟು ಗಂಟೆ ಕಳೆದಿತ್ತು, ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿದವನು ನೋವಿಲ್ಲವೆಂದು ಬೆಳಗಿನವರೆಗೆ ಕಾದನೇ, ಕೊಳಕುಮಂಡಲದ ರೋಗಿಗೆ 20 ನಿಮಿಷದ ಹೆಪ್ಪುಗಟ್ಟುವ ಪರೀಕ್ಷೆಯನ್ನು ಒಣಗಿದ ಗಾಜಿನ ನಳಿಗೆಯಲ್ಲೇ ಮಾಡಿದರೇ, ಪ್ಲಾಸ್ಟಿಕ್ಕಿನಲ್ಲಿ ಮಾಡಿದರೇ. ಸಿಸ್ಟರುಗಳ ಜೊತೆ ಕೂತು ಆ ಕಲಂಗಳನ್ನು ಮಾಡು. ತುಂಬುವವರು ಅವರು. ಅವರಿಗೆ ಹೊರೆಯಾದರೆ ಒಂದು ತಿಂಗಳಲ್ಲಿ ಖಾಲಿ ಬೀಳುತ್ತದೆ.

ಇನ್ನು ಗುರು. ತುರ್ತು ಚಿಕಿತ್ಸೆಯನ್ನು ಬೇರೆ ವಿಭಾಗವೆಂದು ಭಾರತೀಯ ವೈದ್ಯಕೀಯ ಮಂಡಳಿ ಒಪ್ಪಿಕೊಂಡದ್ದೇ 2009ರಲ್ಲಿ. ನಿನ್ನದೇ ವಿಭಾಗದಲ್ಲಿ ತಲೆ ನರೆತ ಸಂಶೋಧಕರು ಸಿಗುವುದು ಅಪರೂಪ, ಅದಕ್ಕೆ ಬೇಸರ ಬೇಡ. ನಿನಗೆ ಬೇಕಾಗಿರುವುದು ಒಬ್ಬರಲ್ಲ, ಇಬ್ಬರು ಮೂವರು. ಲೆಕ್ಕ ಬಲ್ಲವರೊಬ್ಬರು ಬೇಕು: ಎಷ್ಟು ರೋಗಿಗಳು ಬೇಕು, ಹೋಲಿಕೆಗೆ ಯಾರು ಬೇಕು ಅನ್ನುವುದನ್ನು ಶುರುವಿನಲ್ಲೇ ಹೇಳುವವರು. ಮೈಸೂರು ಮೆಡಿಕಲ್ ಕಾಲೇಜಿನ ಅಥವಾ ಜೆಎಸ್‌ಎಸ್‌ನ ಸಮುದಾಯ ವೈದ್ಯಕೀಯ ವಿಭಾಗಕ್ಕೆ ಹೋಗು. ನಿನ್ನ ಓದಿನ ಕಾಲದಲ್ಲಿ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್ ಪರೀಕ್ಷೆಗಾಗಿ ಮುಗಿಸಿದ್ದೀಯ. ಈಗ ನಿನ್ನ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಕೇಳು, ಬೇರೆಯೇ ಕೇಳಿಸುತ್ತದೆ. ವಿಷ ಬಲ್ಲವರೊಬ್ಬರು ಬೇಕು. ಹಾವಿನ ವಿಷ ಒಂದೊಂದು ಸೀಮೆಯಲ್ಲಿ ಒಂದೊಂದು ಥರ, ತಮಿಳುನಾಡಿನ ಇರುಳರು ಹಿಡಿದ ಹಾವಿನ ವಿಷದಿಂದ ಮಾಡಿದ ಆ್ಯಂಟಿವೆನಂ ಎಲ್ಲ ಕಡೆ ಒಂದೇ ಸಮ ಕೆಲಸ ಮಾಡುವುದಿಲ್ಲ ಅಂತ ತೋರಿಸಿದ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ಮೂರನೆಯವರು ಈ ನೆಲವನ್ನು ಬಲ್ಲವರು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆ ನಡೆಸುತ್ತಾ ಬಂದಿದೆ. ಅಲ್ಲಿನ ಆರೋಗ್ಯ ಕಾರ್ಯಕರ್ತೆಯರು ಜೇನುಕುರುಬರ, ಎರವರ ಹಾಡಿಗಳಲ್ಲಿ ಯಾರು ಯಾವ ಹೊತ್ತಿಗೆ ಮನೆಯಲ್ಲಿರುತ್ತಾರೆ ಅನ್ನುವುದನ್ನೂ ಬಲ್ಲರು. ಅಂಥವರನ್ನು ಮಾಹಿತಿ ತರುವ ಆಳು ಅಂತ ನೋಡಬೇಡ, ಗುರು ಅಂತಲೇ ನೋಡು.

ಗುರುವಿನ ಬಳಿ ಹೋಗುವಾಗ "ಸರ್, ಸಂಶೋಧನೆ ಮಾಡಬೇಕು, ವಿಷಯ ಕೊಡಿ" ಅಂತ ಹೋಗಬೇಡ. ಎರಡು ಪುಟ ಬರೆದುಕೊಂಡು ಹೋಗು: ಪ್ರಶ್ನೆ ಇದು, ಕಳೆದ ಮೂರು ತಿಂಗಳ ರಿಜಿಸ್ಟರಿನಲ್ಲಿ ಇಷ್ಟು ರೋಗಿಗಳು, ಹಿಂದೆ ಇವರು ಇವರು ಹೀಗೆ ನೋಡಿದ್ದಾರೆ, ನನಗೆ ಗೊತ್ತಾಗದಿರುವುದು ಇದು. ಓದಿ ತಿದ್ದಿ ಎರಡು ವಾರದಲ್ಲಿ ವಾಪಸ್ ಕೊಡುವವರನ್ನು ಬಿಡಬೇಡ, ಎಷ್ಟೇ ಗದರಲಿ. ದೊಡ್ಡ ಹೆಸರಿದ್ದು ಆರು ತಿಂಗಳು ಕಾಗದ ಮುಟ್ಟದವರಿಗೆ ನಮಸ್ಕಾರ ಮಾಡಿ ಬಾ. ಯಾರ ಹೆಸರು ಮೊದಲು, ಯಾರದು ಕೊನೆ, ಯಾರದು ಇಲ್ಲ ಅನ್ನುವುದನ್ನು ಕೆಲಸ ಶುರುವಾಗುವ ಮೊದಲೇ ಬರೆದು ಎಲ್ಲರ ಸಹಿ ಹಾಕಿಸು. ಹಿರಿಯರಿಗೆ ಅಗೌರವವಾಗುತ್ತದೆ ಅಂತ ಅಂಜಬೇಡ, ಒಳ್ಳೆಯ ಹಿರಿಯರಿಗೆ ಅದರಿಂದ ಸಮಾಧಾನವೇ ಆಗುತ್ತದೆ. ಹಾಗೆಯೇ, ಇಷ್ಟು ಸಾವಿರ ಕಳಿಸಿ ವಾರದಲ್ಲಿ ಅಚ್ಚು ಹಾಕುತ್ತೇವೆ ಅಂತ ಇಮೇಲ್ ಕಳಿಸುವ ಪತ್ರಿಕೆಗಳ ಕಡೆ ತಲೆ ಹಾಕಬೇಡ. ಬಡ್ತಿಗೆ ಲೆಕ್ಕ ಬೇಕಾದವರು ಅಲ್ಲಿಗೆ ಹೋಗುತ್ತಾರೆ, ಅಲ್ಲಿ ಬಿದ್ದ ಕೆಲಸವನ್ನು ಯಾರೂ ಓದುವುದಿಲ್ಲ.

ಹಣದ ವಿಚಾರ. ಮೊದಲ ಸಲಕ್ಕೆ ಸಣ್ಣ ಹಣ ಕೇಳು, ಮುಗಿಸಿ ತೋರಿಸು. ನಿನ್ನ ಈ ಅಧ್ಯಯನಕ್ಕೆ ಬೇಕಾದದ್ದು ಎರಡು ಪರೀಕ್ಷೆಗಳ ಖರ್ಚು, ಒಬ್ಬ ಸಹಾಯಕಿಯ ಕೆಲವು ತಿಂಗಳ ಸಂಬಳ, ಮಾದರಿಯನ್ನು ತಣ್ಣಗೆ ಮೈಸೂರಿಗೆ ಸಾಗಿಸುವ ಗಾಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಶೋಧನಾ ಧನ ಕೊಡುತ್ತದೆ. ಐಸಿಎಂಆರ್ ಸ್ನಾತಕೋತ್ತರ ಪ್ರಬಂಧಕ್ಕೆ ನೆರವು ಕೊಡುತ್ತದೆ, ಸಣ್ಣ ಯೋಜನೆಗಳಿಗೂ ಅರ್ಜಿ ಕರೆಯುತ್ತದೆ. ಎಂಬಿಬಿಎಸ್ ಮಕ್ಕಳಿಗೆ ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನವನ್ನು ಅದು 1979ರಿಂದ ಕೊಡುತ್ತಾ ಬಂದಿದೆ. ಮೈಸೂರಿನ ಗೈಡ್ ಒಪ್ಪಿದರೆ ಒಬ್ಬ ಹುಡುಗಿಯನ್ನು ಜುಲೈ, ಆಗಸ್ಟ್‌ನಲ್ಲಿ ನಿನ್ನ ಜೊತೆ ಕೂರಿಸಿಕೊಳ್ಳಬಹುದು. ತಾಲ್ಲೂಕು ಆಸ್ಪತ್ರೆಯ ಖಾತೆಗೆ ನೇರವಾಗಿ ಇಂಥ ಹಣ ತರುವುದು ಕಷ್ಟ. ಹಾಗಾಗಿ ಕಾಲೇಜಿನ ಅಧ್ಯಾಪಕರೊಬ್ಬರು ಜೊತೆಯಲ್ಲಿರಲೇಬೇಕು: ಹಣ ಕಾಲೇಜಿನ ಖಾತೆಗೆ, ನೈತಿಕ ಸಮಿತಿಯ ಒಪ್ಪಿಗೆಯೂ ಅಲ್ಲಿಂದ, ಕೆಲಸ ನಿನ್ನ ಆಸ್ಪತ್ರೆಯಲ್ಲಿ. ಎರಡನೇ ಕಂತು ಬರಬೇಕಾದರೆ ಮೊದಲ ಕಂತಿನ ಖರ್ಚಿನ ಪ್ರಮಾಣಪತ್ರ ಹೋಗಬೇಕು, ಅದಕ್ಕೆ ಲೆಕ್ಕಪತ್ರದವರು ಸಹಿ ಹಾಕಬೇಕು, ಅವರು ಮಾರ್ಚಿಯಲ್ಲಿ ಸಿಗುವುದಿಲ್ಲ. ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಸೌದೆ ಹುಡುಕಲು ಹೊರಟವನ ಸೊಪ್ಪಿನ ಗತಿ ನಿನಗೆ ಗೊತ್ತು. ಇಡೀ ಹಂಗಾಮಿಗೆ ಬೇಕಾದ ಕಿಟ್‌ಗಳು ಕೈಗೆ ಬಂದ ಮೇಲೆಯೇ ಮೊದಲ ರೋಗಿಯ ಹೆಸರು ಬರೆ.

ದೊಡ್ಡ ಹಣ ಇದೆ, ಅದು ಆಮೇಲೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಶುರುಮಾಡಿದ ಇಂಡಿಯಾ ಅಲಯನ್ಸ್ ವೈದ್ಯರಿಗೂ ಫೆಲೋಶಿಪ್ ಕೊಡುತ್ತದೆ. 2025ರ ಅಕ್ಟೋಬರ್‌ನಲ್ಲಿ ಅದರ ಮೂರನೇ ಹಂತಕ್ಕೆ 1,500 ಕೋಟಿ ರೂಪಾಯಿಯ ಯೋಜನೆ ಒಪ್ಪಿಗೆಯಾಯಿತು. ಪಕ್ಕದ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎನ್.ಎಸ್. ಪ್ರಶಾಂತ್ ಆ ನೆರವಿನಿಂದಲೇ ಬುಡಕಟ್ಟು ಜನರ ಆರೋಗ್ಯದ ಅಧ್ಯಯನ ಕಟ್ಟಿದರು. ಬೆಟ್ಟದಲ್ಲಿ ಡಾ. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಬೇರು ಬಿಟ್ಟಿತ್ತು. ಆ ಬೇರಿನ ಮೇಲೆ ಹಣ ಬಂದು ನಿಂತಿತು. ಅಮೆರಿಕದಲ್ಲಿ ತುರ್ತು ವೈದ್ಯರು ತಾವೇ ಸೇರಿ 1972ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿ ತಮ್ಮ ಕಿರಿಯರ ಸಂಶೋಧನೆಗೆ ಹಣ ಕೊಡುತ್ತಿದ್ದಾರೆ. 1924ರಲ್ಲಿ ಹುಟ್ಟಿದ ನಮ್ಮ ಮೈಸೂರು ಮೆಡಿಕಲ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಲೋಕದ ಎಲ್ಲ ಕಡೆ ಇದ್ದಾರೆ. ವರ್ಷಕ್ಕೆ ಒಂದು ತಾಲ್ಲೂಕು ಆಸ್ಪತ್ರೆಯ ಒಂದು ಪ್ರಶ್ನೆಗೆ ಹಣ, ತಿಂಗಳಿಗೆ ಒಂದು ಗಂಟೆ ಫೋನಿನಲ್ಲಿ ಮಾರ್ಗದರ್ಶನ, ಇಷ್ಟನ್ನು ಅವರು ಮಾಡಬಲ್ಲರು, ಮಾಡಬೇಕು. ನನ್ನ ಬ್ಯಾಚಿನವರಿಗೆ ಈ ಮಾತು ಬರೆಯಲು ಶುರುಮಾಡಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿಯಾಗಿ ಹೇಳುತ್ತೇನೆ. ನಿನ್ನ ಮುಂದೆ ಮಲಗಿದವರು ಆ ಹೊತ್ತಿನಲ್ಲಿ ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಮೊದಲು ಚಿಕಿತ್ಸೆ. ಒಪ್ಪಿಗೆ ಕೇಳುವುದು ಅವರು ಸುಧಾರಿಸಿಕೊಂಡ ಮೇಲೆ, ಅವರಾಡುವ ಕನ್ನಡದಲ್ಲಿ. ಬೇಡ ಅಂದರೆ ಮುಖ ಬದಲಾಗಬಾರದು. ಎಚ್ಚರವಿಲ್ಲದ ರೋಗಿಯ ವಿಷಯದಲ್ಲಿ ಏನು ಮಾಡಬೇಕು ಅನ್ನುವುದನ್ನು ನೈತಿಕ ಸಮಿತಿ ಮೊದಲೇ ಬರೆದು ಕೊಡಬೇಕು, ನೀನು ಸ್ಥಳದಲ್ಲಿ ತೀರ್ಮಾನಿಸಬಾರದು. ವಿಷ ಕುಡಿದವರ ಮನೆಯವರು ಪೊಲೀಸಿಗೆ ಹೆದರಿ, ಊರಿಗೆ ಹೆದರಿ ಸುಳ್ಳು ಹೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ವಿಷ ಕುಡಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು ಅನ್ನುತ್ತದೆ, ಅದನ್ನು ಮನೆಯವರಿಗೆ ತಿಳಿಸು. ಪೊಲೀಸಿಗೆ ತಿಳಿಸಬೇಕಾದ ಪ್ರಕರಣಗಳ ಎಂಎಲ್‌ಸಿ ಪುಸ್ತಕ ಬೇರೆ, ನಿನ್ನ ಸಂಶೋಧನೆಯ ಪುಸ್ತಕ ಬೇರೆ. ಎರಡನೆಯದರಲ್ಲಿ ಹೆಸರಿಲ್ಲದೆ ಸಂಖ್ಯೆ ಮಾತ್ರ ಇರಲಿ, ಬೀರುವಿನ ಕೀಲಿ ನಿನ್ನಲ್ಲಿರಲಿ. ಯಾರಿಂದ ರಕ್ತ ತೆಗೆದೆಯೋ ಅವರಿಗೆ ಫಲಿತಾಂಶ ಮುಟ್ಟಿಸು. ಹಾಡಿಗಳಿಗೆ ಬಂದು ರಕ್ತ ತೆಗೆದುಕೊಂಡು ಹೋದವರು ತಿರುಗಿ ಬರಲಿಲ್ಲ ಅನ್ನುವ ಮಾತನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ನಿನ್ನ ಬಗ್ಗೆ ಅದು ಕೇಳಿಸಬಾರದು.

ಕಡೆಯದಾಗಿ ದಿನದ ಲೆಕ್ಕ. ಸೊಪ್ಪು ಮುರಿಯುವುದು ಜುಲೈಯಲ್ಲಿ. ಅಷ್ಟರೊಳಗೆ ನೈತಿಕ ಸಮಿತಿಯ ಒಪ್ಪಿಗೆ ಕೈಯಲ್ಲಿರಬೇಕೆಂದರೆ ಮಾರ್ಚಿಯೊಳಗೆ ಅರ್ಜಿ ಹೋಗಬೇಕು. ಜಿಲ್ಲಾ ಆರೋಗ್ಯಾಧಿಕಾರಿಯ ಪತ್ರ ಅದಕ್ಕೂ ಮೊದಲು ಬೇಕು. ಆ ಕಚೇರಿಗೆ ನಾನೂ ನಿನ್ನ ಜೊತೆ ಬರುತ್ತೇನೆ. ರಿಜಿಸ್ಟರಿಗೆ ಹೊಸ ಕಲಂ ಹಾಕಲು ಯಾರ ಹಣವೂ ಬೇಡ. ಆದರೆ ವೈದ್ಯಾಧಿಕಾರಿಗಳಿಗೆ ಹೇಳಿಯೇ ಹಾಕಿಸು. ಮುಂದೆ ಅದನ್ನು ಸಂಶೋಧನೆಗೆ ಬಳಸಲು ಸಮಿತಿಯ ಅನುಮತಿ ಬೇಕೇ ಬೇಕು. ಸೋಮವಾರ ಸಿಸ್ಟರುಗಳ ಜೊತೆ ಕೂತು ಅದನ್ನು ಮುಗಿಸು, ಎರಡು ಪುಟದ ಕರಡನ್ನು ತಿಂಗಳೊಳಗೆ ನನಗೆ ಕಳಿಸು. ನನಗೆ ಅಂಕಿಅಂಶದ ವಿದ್ಯೆ ಅಷ್ಟಿಲ್ಲ, ಆದರೆ ಈ ನಾಲ್ಕು ತಾಲ್ಲೂಕಿನ ರೋಗಿ ನಿನ್ನ ಪ್ರಶ್ನೆಗೆ ಹೇಗೆ ಉತ್ತರಿಸುತ್ತಾನೆ ಅನ್ನುವುದು ಗೊತ್ತು. ಅಷ್ಟನ್ನು ತಿದ್ದಿ ವಾರದಲ್ಲಿ ವಾಪಸ್ ಕಳಿಸುತ್ತೇನೆ.